ನಕ್ಷತ್ರದ ಬ್ಲಾಕು: ಚಿಕ್ಕದು ಮಾಡಲು, ದೊಡ್ಡದು ಮಾಡಲು ನಾಲ್ಕು-ಏಳು-ಹತ್ತರ ಲೆಕ್ಕ

ಬಟ್ಟೆಯ ಚೂರುಗಳನ್ನು ಕೂಡಿಸಿ ಹೊಲಿದ ಚೌಕವೇ ಬ್ಲಾಕು, ಇಂಥವನ್ನು ಸಾಲುಸಾಲಾಗಿ ಸೇರಿಸಿದರೆ ಕೌದಿ. 12 ಇಂಚಿನ ನಕ್ಷತ್ರದ ಬ್ಲಾಕು 9 ಇಂಚಿಗೆ ಬೇಕಾಗಿದೆ. 12ರ ಮುಕ್ಕಾಲು 9. ಹಾಗಾದರೆ ನಮೂನೆಯನ್ನು ಜೆರಾಕ್ಸ್ ಅಂಗಡಿಯಲ್ಲಿ 75 ಪರ್ಸೆಂಟಿಗೆ ಇಳಿಸಿ, ಆ ಕಾಗದವನ್ನೇ ಬಟ್ಟೆಯ ಮೇಲಿಟ್ಟು ಕತ್ತರಿಸಿ, ಎಂದಿನಂತೆ ಕಾಲಿಂಚು ಬಿಟ್ಟು ಹೊಲಿದರಾಯಿತು ಅನಿಸುತ್ತದೆ. ಹಾಗೆ ಮಾಡಿದ ಬ್ಲಾಕು 9 ಇಂಚು ಬರುವುದೇ ಇಲ್ಲ, 8 ಇಂಚು 5 ನೂಲಿಗೆ (ಇಂಚಿಗೆ 8 ನೂಲು) ನಿಲ್ಲುತ್ತದೆ. ಆರು ಬ್ಲಾಕಿನ ಒಂದು ಸಾಲಿಗೆ ಎರಡೂಕಾಲು ಇಂಚು ಮಾಯ. ಜೆರಾಕ್ಸ್ ಚಿತ್ರದ ಜೊತೆಗೆ ಮಾರ್ಜಿನ್ನನ್ನೂ, ಅಂದರೆ ಹೊಲಿಗೆಯಾಚೆ ಬಿಡುವ ಬಟ್ಟೆಯನ್ನೂ, ಮುಕ್ಕಾಲಿಗೆ ಇಳಿಸಿಬಿಟ್ಟಿತು. ನಿಮ್ಮ ಮಶಿನ್ ಮಾತ್ರ ಪೂರ್ತಿ ಕಾಲಿಂಚನ್ನೇ ತಿಂದಿತು.

ನಮ್ಮ ಕೌದಿಯಲ್ಲಿ ಈ ತಾಪತ್ರಯ ಇರಲಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುವಾಗ ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ. ಚೂರಿನ ಅಂಚು ಮಡಚಿ ಅಡಿಯ ಬಟ್ಟೆಯ ಮೇಲೆ ಟಾಕಿ ಹಾಕುತ್ತ ಹೋಗುತ್ತಾರೆ. ಚೂರು ಅರ್ಧ ಇಂಚು ದೊಡ್ಡದಿದ್ದರೆ ಪಕ್ಕದ್ದರ ಮೇಲೆ ಕೂರುತ್ತದೆ, ಅಷ್ಟೆ. ಬ್ಲಾಕಿನ ಕೆಲಸ ಹಾಗಲ್ಲ. ಇಲ್ಲಿ ಅಡಿಯ ಬಟ್ಟೆಯೇ ಇಲ್ಲ. ಚೂರಿಗೆ ಚೂರು ಅಂಚು ಕೂಡಿಸಿ ಹೊಲಿಯುವುದರಿಂದ ಒಂದು ಕಡೆಯ ತಪ್ಪು ಇಡೀ ಸಾಲಿಗೆ ಹರಿಯುತ್ತದೆ. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಕತ್ತರಿ.

ಎರಡು ಅಳತೆ, ಮೂರು ಸಂಖ್ಯೆ

ಬಡಗಿಗಳು ಇಂಚನ್ನು ಎಂಟು ನೂಲಾಗಿ ಎಣಿಸುವ ಹಾಗೆ ನಾವೂ ಎಣಿಸೋಣ. 1 ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ. ಕಾಲಿಂಚಿಗೆ 2 ನೂಲು, ಅರ್ಧಕ್ಕೆ 4. ಭಿನ್ನರಾಶಿಗಳ ಜೊತೆ ಗುದ್ದಾಡುವುದಕ್ಕಿಂತ ಇದು ಎಷ್ಟೋ ಸುಲಭ. ಬ್ಲಾಕಿನ ಗಾತ್ರ ಬದಲಿಸುವಾಗಲಂತೂ ಕೆಲಸ ಅರ್ಧಕ್ಕರ್ಧ ಹಗುರಾಗುತ್ತದೆ.

ಪ್ರತಿ ಚೂರಿಗೂ ಎರಡು ಅಳತೆ ಇರುತ್ತದೆ. ಹೊಲಿದು ಮುಗಿದ ಮೇಲೆ ಕಣ್ಣಿಗೆ ಕಾಣುವುದು ರೆಡಿ ಅಳತೆ. ಮಾರ್ಜಿನ್ ಸೇರಿಸಿ ಕತ್ತರಿಸುವುದು ಕಟಿಂಗ್ ಅಳತೆ. ಗಾತ್ರ ಬದಲಿಸುವಾಗ ಗುಣಿಸುವುದು, ಭಾಗಿಸುವುದು ಎಲ್ಲ ರೆಡಿ ಅಳತೆಯ ಮೇಲೆ ಮಾತ್ರ. ಅದು ಮುಗಿದ ಮೇಲೆ ಮಾರ್ಜಿನ್ ಸೇರಿಸಬೇಕು. ಸೇರಿಸಬೇಕಾದದ್ದು ಇಷ್ಟು:

ಚೌಕಕ್ಕೆ ಮತ್ತು ಆಯತಕ್ಕೆ 4 ನೂಲು.
ಒಂದು ಚೌಕವನ್ನು ಒಂದು ಕರ್ಣದಲ್ಲಿ ಕತ್ತರಿಸಿ ಎರಡು ತ್ರಿಕೋನ ಮಾಡುವುದಾದರೆ ಆ ಚೌಕಕ್ಕೆ 7 ನೂಲು.
ಎರಡೂ ಕರ್ಣದಲ್ಲಿ ಕತ್ತರಿಸಿ ನಾಲ್ಕು ತ್ರಿಕೋನ ಮಾಡುವುದಾದರೆ 10 ನೂಲು, ಅಂದರೆ ಒಂದೂಕಾಲು ಇಂಚು.

ಇದು ಬಾಯಿಪಾಠದ ಮಂತ್ರವಲ್ಲ, ಕಾರಣ ತಿಳಿದರೆ ಮರೆಯುವುದೇ ಇಲ್ಲ. ಚೌಕದ ಒಂದು ಬದಿಯ ಎರಡು ತುದಿಯಲ್ಲೂ ನೇರ ಮೂಲೆ ಇದೆ, ತುದಿಗೆ 2 ನೂಲಿನಂತೆ ಒಟ್ಟು 4. ತ್ರಿಕೋನದ ಚೂಪು ಮೂಲೆಯಲ್ಲಿ ಮಾರ್ಜಿನ್ ಓರೆಯಾಗಿ ಕೊರೆಯುವುದರಿಂದ ಅಲ್ಲಿ 2 ನೂಲು ಸಾಲದು, ಸುಮಾರು 5 ನೂಲು ಬೇಕು. ಅಂದರೆ ಒಂದು ನೇರ ಮೂಲೆ ಚೂಪಾದರೆ 3 ನೂಲು ಹೆಚ್ಚು. ಒಂದು ಮೂಲೆ ಚೂಪಾದಾಗ 7, ಎರಡೂ ಚೂಪಾದಾಗ 10. ನಿಖರವಾಗಿ ನೋಡಿದರೆ ಇವು 6.83 ಮತ್ತು 9.66, ಮೇಲಕ್ಕೆ ಸರಿಹೊಂದಿಸಿದ್ದೇವೆ. ಹಾಗಾಗಿ ಹೊಲಿದ ತ್ರಿಕೋನ ಕೂದಲೆಳೆಯಷ್ಟು ದೊಡ್ಡದಾಗಿರುತ್ತದೆ. ಅದು ಒಳ್ಳೆಯದೇ, ಕತ್ತರಿಸಿ ಸರಿಮಾಡಬಹುದು.

ಖಣದಂಥ, ಎಳೆ ಬಿಚ್ಚುವ ಬಟ್ಟೆಗೆ ಕಾಲಿಂಚು ಸಾಲುವುದಿಲ್ಲ. ತೊಳೆದಾಗ ಹೊಲಿಗೆಯೇ ಜಾರುತ್ತದೆ. ಅಂಥದ್ದಕ್ಕೆ 3 ನೂಲಿನ ಮಾರ್ಜಿನ್ ಇಟ್ಟು 4-7-10ರ ಬದಲು 6-11-15 ಸೇರಿಸಿ, ಹೊಲಿದ ಮೇಲೆ ಅಳತೆಗೆ ಕತ್ತರಿಸಿ. ಒಂದೇ ಬ್ಲಾಕಿನಲ್ಲಿ ಎರಡು ಬಗೆಯ ಮಾರ್ಜಿನ್ ಬೆರೆಸಬೇಡಿ.

ಮಶಿನ್ನಿನ ಕಾಲಿಂಚು ನಿಜವಾದ ಕಾಲಿಂಚೇ?

ಹೆಚ್ಚಿನ ಸಲ ಅಲ್ಲ. ಬಟ್ಟೆಯನ್ನು ಒತ್ತಿಹಿಡಿಯುವ ಫೂಟಿನ ಅಂಚನ್ನು ಬಟ್ಟೆಯ ಅಂಚಿಗೆ ಹಿಡಿದು ಹೊಲಿದರೆ ಕಾಲಿಂಚು ಎಂದು ನಂಬಿಕೊಳ್ಳುವುದು ವಾಡಿಕೆ. ಆದರೆ ಒಂದೊಂದು ಮಶಿನ್ನಿನ ಫೂಟ್ ಒಂದೊಂದು ಅಗಲ. ಪರೀಕ್ಷೆಗೆ ಐದು ನಿಮಿಷ ಸಾಕು. 1 ಇಂಚು 4 ನೂಲು ಅಗಲದ ಮೂರು ಪಟ್ಟಿ ಕತ್ತರಿಸಿ, ಉದ್ದಕ್ಕೆ ಒಂದಕ್ಕೊಂದು ಕೂಡಿಸಿ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಇರಬೇಕು, ಒಟ್ಟು ಅಗಲ 3 ಇಂಚು 4 ನೂಲು. ನಡುವಿನದು ಕಿರಿದಾಗಿದ್ದರೆ ಮಾರ್ಜಿನ್ ಹೆಚ್ಚು ತಿನ್ನುತ್ತಿದೆ, ಅಗಲವಾಗಿದ್ದರೆ ಕಡಿಮೆ.

ಸರಿಯಾದ ಗೆರೆ ಸಿಕ್ಕಿದ ಮೇಲೆ ಅದನ್ನು ಮಶಿನ್ನಿನ ತಟ್ಟೆಯ ಮೇಲೆ ಗುರುತಿಸಿ. ಗಾಯಕ್ಕೆ ಹಾಕುವ ಪ್ಲಾಸ್ಟರ್ ಪಟ್ಟಿಯನ್ನು ಮೂರು ನಾಲ್ಕು ಪದರ ಒಂದರ ಮೇಲೊಂದು ಅಂಟಿಸಿದರೆ ಸಣ್ಣ ದಂಡೆಯಂತಾಗುತ್ತದೆ, ಬಟ್ಟೆಯ ಅಂಚು ಅದಕ್ಕೆ ಒರಗಿಕೊಂಡು ನೇರ ಹೋಗುತ್ತದೆ. ಗೆರೆ ಕಾಲಿಂಚಿಗಿಂತ ಒಂದು ದಾರದಷ್ಟು ಒಳಗೇ ಇರಲಿ. ಮಾರ್ಜಿನ್ ಮಡಚಿ ಇಸ್ತ್ರಿ ಮಾಡುವಾಗ ಆ ಮಡಿಕೆಯೂ ಸ್ವಲ್ಪ ಬಟ್ಟೆ ತಿನ್ನುತ್ತದೆ.

ಇಷ್ಟು ಹಠ ಏಕೆ ಎಂದರೆ, ಮಾರ್ಜಿನ್ ಅರ್ಧ ನೂಲು ಹೆಚ್ಚಾದರೆ 12 ಇಂಚಿನ ಬ್ಲಾಕು 2 ನೂಲು ಕುಗ್ಗುತ್ತದೆ. ಅಡ್ಡಲಾಗಿ ಎರಡು ಹೊಲಿಗೆ, ಒಂದೊಂದು ಹೊಲಿಗೆಯೂ ಎರಡು ಕಡೆಯ ಬಟ್ಟೆ ತಿನ್ನುವುದರಿಂದ ನಾಲ್ಕು ಅರ್ಧ ನೂಲು. ಬ್ಲಾಕುಗಳ ನಡುವಿನ ಐದು ಹೊಲಿಗೆಯೂ ಸೇರಿ, ಆರು ಬ್ಲಾಕನ್ನು ಕೂಡಿಸುವಷ್ಟರಲ್ಲಿ ಸಾಲು 2 ಇಂಚಿಗಿಂತ ಹೆಚ್ಚು ಗಿಡ್ಡವಾಗಿರುತ್ತದೆ.

ಹೊಲಿಗೆಯ ಉದ್ದ ಇಂಚಿಗೆ 10ರಿಂದ 12. ಮಾಮೂಲು ಹತ್ತಿ ಬಟ್ಟೆಗೆ 14ನೇ ನಂಬರಿನ ಸೂಜಿ, ಮಲ್ಲಿನಂಥ ತೆಳುವಿಗೆ 11. ಜಿಗ್‌ಜಾಗ್ ಮಶಿನ್ನಿನ ಅಗಲ ತೂತಿನ ತಟ್ಟೆ ಚೂರಿನ ಮೂಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮೊದಲು ಒಂದು ಬೇಡದ ತುಂಡಿನ ಮೇಲೆ ನಾಲ್ಕು ಹೊಲಿಗೆ ಹಾಕಿ, ದಾರ ಕತ್ತರಿಸದೆ ಅದರ ಬೆನ್ನಿಗೇ ನಿಮ್ಮ ಚೂರನ್ನು ಕೊಡಿ.

ಬಟ್ಟೆ

ಹೊಸ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸದೆ ಕತ್ತರಿಸಬೇಡಿ. ಕೈಮಗ್ಗದ ಕೆಂಪು, ನೀಲಿ ಬಣ್ಣ ಬಿಡುತ್ತದೆಯೇ ನೋಡಲು ಒದ್ದೆ ಬಿಳಿ ಬಟ್ಟೆಯ ಮೇಲೆ ಇಟ್ಟು ಇಸ್ತ್ರಿ ಒತ್ತಿ. ಹಳೆಯ ಸೀರೆಯಾದರೆ ಬೆಳಕಿಗೆ ಹಿಡಿದು, ಎಳೆ ಸವೆದು ಜಾಳಾದ ಕಡೆ ಬಿಟ್ಟುಬಿಡಿ. ಆ ಭಾಗ ಬ್ಲಾಕಿನಲ್ಲಿ ಸೇರಿದರೆ ಎರಡು ಸಲ ಒಗೆಯುವಷ್ಟರಲ್ಲಿ ಬಾಯಿ ಬಿಡುತ್ತದೆ.

ಮೆತ್ತಗಾದ ಹಳೆಯ ಬಟ್ಟೆಗೆ ತೆಳುವಾದ ಗಂಜಿ ಹಾಕಿ ಒಣಗಿಸಿ, ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಮಾಡಿ. ಅಕ್ಕಿ ಗಂಜಿಯೂ ಆಗುತ್ತದೆ, ಸಾಬೂದಾನಿಯದೂ ಆಗುತ್ತದೆ. ಬಟ್ಟೆ ಕಾಗದದಂತೆ ನಿಂತರೆ ಓರೆ ಅಂಚು ಹಿಗ್ಗುವುದಿಲ್ಲ. ತ್ರಿಕೋನದ ಕೆಲಸದಲ್ಲಿ ಇದಕ್ಕಿಂತ ಅಗ್ಗದ ಸಹಾಯ ಇನ್ನೊಂದಿಲ್ಲ.

1979ರಲ್ಲಿ ಜಪಾನಿನ ಓಲ್ಫಾ ಕಂಪನಿ ತಂದ ರೋಟರಿ ಕಟರ್ (ಉರುಳುವ ದುಂಡು ಅಲಗಿನ ಕಟರ್) ಈ ಕೆಲಸದ ಚಹರೆಯನ್ನೇ ಬದಲಿಸಿತು. ಅದಿದ್ದರೆ ಕಟಿಂಗ್ ಚಾಪೆ, ಸ್ಕೇಲು ಇಟ್ಟು ಒಂದೇ ಸಲಕ್ಕೆ ನಾಲ್ಕು ಪದರ ಕತ್ತರಿಸಬಹುದು. ಇಲ್ಲದಿದ್ದರೆ ಹಳೆಯ ಎಕ್ಸ್‌ರೇ ಹಾಳೆಯಿಂದ ಕಟಿಂಗ್ ಅಳತೆಯ ಅಚ್ಚು ಮಾಡಿಕೊಳ್ಳಿ. ರಟ್ಟಿನ ಅಚ್ಚು ಮೂವತ್ತು ಸಲ ಗೆರೆ ಎಳೆಯುವಷ್ಟರಲ್ಲಿ ಅಂಚು ಸವೆದು ಚಿಕ್ಕದಾಗುತ್ತದೆ, ಎಕ್ಸ್‌ರೇ ಹಾಳೆ ಸವೆಯುವುದಿಲ್ಲ. ಗೆರೆಗೆ ದಪ್ಪ ಚಾಕ್ ಬೇಡ, ಚೂಪು ಪೆನ್ಸಿಲ್. ಕತ್ತರಿ ಗೆರೆಯ ಒಳಗಂಚಿನಲ್ಲಿ ಹೋಗಲಿ.

12 ಇಂಚಿನ ನಕ್ಷತ್ರ

ಇಲ್ಲಿ ಆರಿಸಿದ್ದು ಸಾಟೂತ್ ಸ್ಟಾರ್ ಎಂಬ ಅಮೆರಿಕದ ಹಳೆಯ ಬ್ಲಾಕು. ಅಡ್ಡ 4, ಉದ್ದ 4 ಮನೆಗಳ ಲೆಕ್ಕದಲ್ಲಿ ನಿಂತಿದೆ. ನಡುವಿನ ಚೌಕ 2 ಮನೆ ಅಗಲ, ನಾಲ್ಕು ಮೂಲೆಯ ಚೌಕ ಒಂದೊಂದು ಮನೆ, ಅವುಗಳ ನಡುವೆ 2 ಮನೆ ಉದ್ದ 1 ಮನೆ ಅಗಲದ ನಾಲ್ಕು ಆಯತ. ಆ ಆಯತದಲ್ಲಿ ನಡುವೆ ಒಂದು ದೊಡ್ಡ ತ್ರಿಕೋನ, ಎರಡು ಪಕ್ಕದಲ್ಲಿ ಸಣ್ಣ ತ್ರಿಕೋನ. ಇದಕ್ಕೆ ಫ್ಲೈಯಿಂಗ್ ಗೀಸ್ ಎನ್ನುತ್ತಾರೆ, ಇಲ್ಲಿ ಗೀಸ್ ಎಂದರೆ ಸಾಕು.

ಹಿನ್ನೆಲೆಯ ಬಣ್ಣದಲ್ಲಿ 7 ಇಂಚು 2 ನೂಲಿನ ಚೌಕ 1, 3 ಇಂಚು 4 ನೂಲಿನ ಚೌಕ 4. ನಕ್ಷತ್ರದ ಬಣ್ಣದಲ್ಲಿ 6 ಇಂಚು 4 ನೂಲಿನ ಚೌಕ 1, 3 ಇಂಚು 7 ನೂಲಿನ ಚೌಕ 4. ನಾಲ್ಕು-ಏಳು-ಹತ್ತು ಎಲ್ಲೆಲ್ಲಿ ಕೂತಿದೆ ನೋಡಿ: 6 ಇಂಚಿಗೆ 10 ನೂಲು ಸೇರಿ ದೊಡ್ಡ ಚೌಕ, 3 ಇಂಚಿಗೆ 7 ನೂಲು ಸೇರಿ ಸಣ್ಣ ಚೌಕ, ಉಳಿದವಕ್ಕೆ 4.

ನಾಲ್ಕೂ ಗೀಸ್ ಒಟ್ಟಿಗೇ ಬರುವ ವಿಧಾನ ಇದು. ನಾಲ್ಕು ಸಣ್ಣ ಚೌಕದ ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ದೊಡ್ಡ ಚೌಕದ ಎದುರುಬದುರು ಮೂಲೆಗಳ ಮೇಲೆ ಎರಡು ಸಣ್ಣ ಚೌಕ ಇಡಿ, ಮುಂಬದಿಗೆ ಮುಂಬದಿ ಸೇರಿರಲಿ. ನಡುವೆ ಅವು ಸ್ವಲ್ಪ ಒಂದರ ಮೇಲೊಂದು ಬರುತ್ತವೆ, ಬರಬೇಕು. ಗೆರೆಗಳು ಸೇರಿ ಒಂದೇ ಉದ್ದ ಗೆರೆಯಾಗುತ್ತದೆ. ಅದರ ಎರಡೂ ಪಕ್ಕದಲ್ಲಿ 2 ನೂಲು ದೂರದಲ್ಲಿ ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಸಣ್ಣ ತ್ರಿಕೋನಗಳ ಕಡೆಗೆ ಮಾರ್ಜಿನ್ ಮಡಚಿ ಇಸ್ತ್ರಿ ಒತ್ತಿದರೆ ಎರಡು ಹೃದಯದಾಕಾರದ ತುಂಡು ಸಿಗುತ್ತದೆ. ಒಂದೊಂದರ ಉಳಿದ ಮೂಲೆಯ ಮೇಲೆ ಒಂದೊಂದು ಸಣ್ಣ ಚೌಕ ಇಡಿ. ಗೆರೆ ಆ ಮೂಲೆಯಿಂದ ಹೊರಟು ಎರಡು ರೆಕ್ಕೆಗಳ ನಡುವೆ ಹೋಗಬೇಕು. ಮತ್ತೆ ಎರಡೂ ಪಕ್ಕ ಹೊಲಿದು ಕತ್ತರಿಸಿ. ನಾಲ್ಕು ಗೀಸ್ ಸಿದ್ಧ.

ಒಂದೊಂದನ್ನೂ 3 ಇಂಚು 4 ನೂಲು × 6 ಇಂಚು 4 ನೂಲಿಗೆ ಕತ್ತರಿಸಿ ಸರಿಮಾಡಿ. ದೊಡ್ಡ ತ್ರಿಕೋನದ ತುದಿಯ ಮೇಲೆ ಸರಿಯಾಗಿ 2 ನೂಲು ಬಟ್ಟೆ ಉಳಿದಿರಬೇಕು. ಅದು ಕಡಿಮೆಯಾದರೆ ಮುಂದಿನ ಹೊಲಿಗೆ ತುದಿಯನ್ನು ನುಂಗಿ ನಕ್ಷತ್ರ ಮೊಂಡಾಗುತ್ತದೆ. ಈ ವಿಧಾನದ ದೊಡ್ಡ ಲಾಭ ಎಂದರೆ ಗೀಸಿನ ಹೊರಅಂಚು ನೇರ ಎಳೆಯ ಮೇಲೆ ಬರುತ್ತದೆ. ಓರೆ ಎಳೆ ಹೊರಗೆ ಬಂದರೆ ಬ್ಲಾಕಿನ ಅಂಚು ಹಿಗ್ಗಿ ಅಲೆಅಲೆಯಾಗುತ್ತದೆ.

ಜೋಡಿಸುವಾಗ ದೊಡ್ಡ ತ್ರಿಕೋನದ ತುದಿ ನಡುಚೌಕದ ಕಡೆ, ಅದರ ಉದ್ದ ಬದಿ ಹೊರಗೆ. ಮೂಲೆ-ಗೀಸ್-ಮೂಲೆ ಒಂದು ಸಾಲು, ಗೀಸ್-ನಡುಚೌಕ-ಗೀಸ್ ಇನ್ನೊಂದು, ಮತ್ತೆ ಮೊದಲಿನಂತೆ ಮೂರನೆಯದು. ಮೇಲಿನ ಮತ್ತು ಕೆಳಗಿನ ಸಾಲಿನ ಮಾರ್ಜಿನ್ ಮೂಲೆಚೌಕದ ಕಡೆಗೆ, ನಡುಸಾಲಿನದು ನಡುಚೌಕದ ಕಡೆಗೆ ಮಡಚಿ. ಆಗ ಸಾಲುಗಳು ಸೇರುವಲ್ಲಿ ಎರಡು ಉಬ್ಬು ಎದುರುಬದುರು ಬಂದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬೆರಳಿಗೇ ಗೊತ್ತಾಗುತ್ತದೆ. ಹೊಲಿಯುವಾಗ ಗೀಸ್ ಮೇಲುಗಡೆ ಇರಲಿ. ಅದರ ಹಿಂಬದಿಯಲ್ಲಿ ಎರಡು ಹೊಲಿಗೆ ಅಡ್ಡ ಹಾಯುವ ಗುಣಿಸುವ ಚಿಹ್ನೆ ಕಾಣುತ್ತದೆ, ಸೂಜಿ ಅದರ ನಡುವಿನ ಮೇಲೆಯೇ ಹೋಗಬೇಕು. ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಎತ್ತಿ ಒತ್ತಿ. ಉಜ್ಜಿದರೆ ಚೌಕ ಸೊಟ್ಟಗಾಗುತ್ತದೆ.

ಮುಗಿದಾಗ ಬ್ಲಾಕು 12 ಇಂಚು 4 ನೂಲು ಇರಬೇಕು. ಪಕ್ಕದ ಬ್ಲಾಕಿಗೆ ಸೇರಿಸಿದ ಮೇಲೆ ಅದು 12 ಆಗುತ್ತದೆ.

ಗಾತ್ರ ಬದಲಿಸುವುದು

ಈಗ 9 ಇಂಚಿಗೆ ಇಳಿಸೋಣ. 9ನ್ನು 4 ಮನೆಗೆ ಹಂಚಿದರೆ ಮನೆಗೆ 2 ಇಂಚು 2 ನೂಲು. ಎರಡು ಮನೆಗೆ 4 ಇಂಚು 4 ನೂಲು. ಇವಕ್ಕೆ 4-7-10 ಸೇರಿಸಿದರೆ ಮುಗಿಯಿತು. ಬೇರೆ ಗಾತ್ರಗಳದೂ ಹಾಗೆಯೇ. ನಡುಚೌಕ, ಮೂಲೆಚೌಕ, ಗೀಸಿನ ದೊಡ್ಡ ಚೌಕ, ಗೀಸಿನ ಸಣ್ಣ ಚೌಕ, ಈ ಕ್ರಮದಲ್ಲಿ ಕಟಿಂಗ್ ಅಳತೆ ಕೆಳಗಿದೆ. ಚುಕ್ಕೆಯ ಎಡಕ್ಕಿರುವುದು ಇಂಚು, ಬಲಕ್ಕಿರುವುದು ನೂಲು.

6 ಇಂಚಿನ ಬ್ಲಾಕು: 3·4, 2·0, 4·2, 2·3
8 ಇಂಚು: 4·4, 2·4, 5·2, 2·7
9 ಇಂಚು: 5·0, 2·6, 5·6, 3·1
10 ಇಂಚು: 5·4, 3·0, 6·2, 3·3
15 ಇಂಚು: 8·0, 4·2, 8·6, 4·5

4 ಮನೆಯ ಬ್ಲಾಕು ಅರ್ಧ ಇಂಚಿನ ಯಾವ ಗಾತ್ರಕ್ಕೂ ಒಗ್ಗುತ್ತದೆ. 3 ಮನೆಯದು, ಅಂದರೆ ಒಂಬತ್ತು ಚೌಕದ ಬ್ಲಾಕು, ಹಾಗಲ್ಲ. 10 ಇಂಚು ಎಂದರೆ 80 ನೂಲು, 3ಕ್ಕೆ ಭಾಗವಾಗುವುದಿಲ್ಲ. ಅಲ್ಲಿ ಹಠ ಮಾಡದೆ 9 ಇಂಚು 6 ನೂಲಿಗೆ ಇಳಿಯಿರಿ. 78 ನೂಲನ್ನು ಹಂಚಿದರೆ ಮನೆಗೆ 26, ಅಂದರೆ 3 ಇಂಚು 2 ನೂಲು. 5 ಮನೆಯ ಬ್ಲಾಕಿಗೆ 12 ಇಂಚು ಕೂಡುವುದಿಲ್ಲ, 12 ಇಂಚು 4 ನೂಲು ಚೆನ್ನಾಗಿ ಕೂಡುತ್ತದೆ: 100 ನೂಲು, ಮನೆಗೆ 20. ಒಟ್ಟು ನೂಲನ್ನು ಮನೆಯ ಸಂಖ್ಯೆಯಿಂದ ಭಾಗಿಸಿ ಶೇಷ ಉಳಿಯದ ಗಾತ್ರವನ್ನೇ ಆರಿಸಿಕೊಳ್ಳಿ. ಅರ್ಧ ನೂಲನ್ನು ಅಂದಾಜಿನಲ್ಲಿ ಕತ್ತರಿಸಿದರೆ ನಾಲ್ಕು ಚೂರು ನಾಲ್ಕು ಬಗೆ ಬರುತ್ತವೆ.

ಎಷ್ಟು ಚಿಕ್ಕದು ಮಾಡಬಹುದು? ಮೂಲೆಚೌಕವನ್ನು ನೋಡಿ. 12 ಇಂಚಿನ ಬ್ಲಾಕಿನಲ್ಲಿ ಅದರ ಬಟ್ಟೆಯ ಸುಮಾರು 73 ಪಾಲು ಹೊರಗೆ ಕಾಣುತ್ತದೆ, 27 ಪಾಲು ಮಾರ್ಜಿನ್ನಿಗೆ ಹೋಗುತ್ತದೆ. 6 ಇಂಚಿನದರಲ್ಲಿ ಕಾಣುವುದು 56 ಪಾಲು ಮಾತ್ರ. ಅಂದರೆ ಬ್ಲಾಕಿನ ಹಿಂಬದಿಯೆಲ್ಲ ಮಾರ್ಜಿನ್ನಿನ ಗಂಟು. ತೆಳು ಹತ್ತಿಯಲ್ಲಿ ನಡೆಯುತ್ತದೆ, ಖಾದಿಯಂಥ ದಪ್ಪ ಬಟ್ಟೆಯಲ್ಲಿ 6 ಇಂಚಿನ ನಕ್ಷತ್ರ ಬೇಡವೇ ಬೇಡ. ಮುಂದೆ ಕೈಯಲ್ಲಿ ಟಾಕಿ ಹಾಕುವಾಗ ಸೂಜಿ ಇಳಿಯುವುದಿಲ್ಲ.

ಬಟ್ಟೆಯ ಲೆಕ್ಕವನ್ನೂ ಗಾತ್ರದ ಜೊತೆಗೇ ಮಾಡಿ. 60 × 84 ಇಂಚಿನ ಕೌದಿಗೆ 12 ಇಂಚಿನ ಬ್ಲಾಕು 35. 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಅಂಚು ಬಿಟ್ಟು 42 ಇಂಚು ಬಳಕೆಗೆ ಬಂದರೆ, ಒಂದೊಂದು ಬಣ್ಣಕ್ಕೂ ಸುಮಾರು 93 ಇಂಚು ಉದ್ದ ಬೇಕು. ಕುಗ್ಗುವುದಕ್ಕೂ ತಪ್ಪಿಗೂ ಸೇರಿಸಿ ತಲಾ 2.75 ಮೀಟರ್ ತನ್ನಿ. ಹೆಚ್ಚುಕಡಿಮೆ ಅಷ್ಟೇ ದೊಡ್ಡ ಕೌದಿಯನ್ನು 9 ಇಂಚಿನಲ್ಲಿ ಮಾಡಿದರೆ, ಅಡ್ಡ 7, ಉದ್ದ 9ರಂತೆ 63 ಬ್ಲಾಕು, 63 × 81 ಇಂಚು. ಬಟ್ಟೆ ಬಹಳವೇನೂ ಹೆಚ್ಚು ಬೇಕಾಗುವುದಿಲ್ಲ, ತಲಾ 3 ಮೀಟರಿನಲ್ಲಿ ಆಗಿಹೋಗುತ್ತದೆ. ಆದರೆ ಚೂರುಗಳು 595ರಿಂದ 1071ಕ್ಕೆ ಏರುತ್ತವೆ. ಗಾತ್ರ ಇಳಿಸುವ ಮೊದಲು ತೂಗಿನೋಡಬೇಕಾದ್ದು ಈ ದುಡಿಮೆಯನ್ನು.

ಹೊಲಿದಾದ ಬ್ಲಾಕು ಅಳತೆಗೆ ಬಾರದಿದ್ದರೆ

ಎಲ್ಲ ಬ್ಲಾಕುಗಳನ್ನೂ ಅಳೆದು ಗಾತ್ರದ ಪ್ರಕಾರ ಗುಂಪು ಮಾಡಿ. ಅಳೆಯುವುದು ನಡುವಿನಲ್ಲಿ, ಅಂಚಿನಲ್ಲಲ್ಲ, ಅಂಚು ಹಿಗ್ಗಿರುತ್ತದೆ. ಒಂದು ನೂಲಿನ ವ್ಯತ್ಯಾಸವಾದರೆ ಪಿನ್ನು ಹಾಕಿ, ದೊಡ್ಡದನ್ನು ಕೆಳಗಿಟ್ಟು ಹೊಲಿಯಿರಿ. ಮಶಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಸ್ವಲ್ಪ ತಿನ್ನುತ್ತ ಹೋಗುವುದರಿಂದ ಸರಿಹೋಗುತ್ತದೆ. ಎರಡು ನೂಲು ದಾಟಿದರೆ ಬಿಚ್ಚಿ ಹೊಲಿಯುವುದೇ ಮೇಲು.

ದೊಡ್ಡದಾಗಿದೆ ಎಂದು ನಕ್ಷತ್ರದ ಬ್ಲಾಕಿನ ಅಂಚನ್ನು ಕತ್ತರಿಸುವ ಮುನ್ನ ಕಿರಣಗಳ ತುದಿ ನೋಡಿ. ತುದಿಯಿಂದ ಹೊರಗೆ 2 ನೂಲು ಉಳಿಯದಿದ್ದರೆ ಕತ್ತರಿ ಇಡಬೇಡಿ.

ಎಲ್ಲವೂ ಚಿಕ್ಕದಾಗಿದ್ದರೆ ಸುತ್ತ ಪಟ್ಟಿ ಕಟ್ಟಿ. ಈಗಿರುವ ಅಳತೆಗೂ ಬೇಕಾದ ಅಳತೆಗೂ ಇರುವ ವ್ಯತ್ಯಾಸದ ಅರ್ಧಕ್ಕೆ 4 ನೂಲು ಸೇರಿಸಿದರೆ ಪಟ್ಟಿಯ ಅಗಲ. ಉದಾಹರಣೆಗೆ ಬ್ಲಾಕು 8 ಇಂಚು 6 ನೂಲು ಇದೆ, 10 ಇಂಚು 4 ನೂಲು ಬೇಕು. ವ್ಯತ್ಯಾಸ 14 ನೂಲು, ಅರ್ಧ 7, ಅದಕ್ಕೆ 4 ಸೇರಿ 11, ಅಂದರೆ 1 ಇಂಚು 3 ನೂಲು. ಬ್ಲಾಕುಗಳು ಒಂದೊಂದು ಒಂದೊಂದು ಗಾತ್ರ ಇದ್ದರೆ ಎಲ್ಲದಕ್ಕೂ 2 ಇಂಚಿನ ಪಟ್ಟಿ ಹಚ್ಚಿ, ಆಮೇಲೆ ನಕ್ಷತ್ರ ನಟ್ಟನಡುವೆ ಇರುವಂತೆ ಒಂದೇ ಅಳತೆಗೆ ಕತ್ತರಿಸಿ. ಪಟ್ಟಿಯ ಬಣ್ಣ ಹಿನ್ನೆಲೆಯದೇ ಆಗಿದ್ದರೆ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೂ ಹೆಚ್ಚು ಹಿಗ್ಗಿಸಬೇಕಾದರೆ ಬ್ಲಾಕನ್ನು ಮೂಲೆಯ ಮೇಲೆ ನಿಲ್ಲಿಸಿ ನಾಲ್ಕು ಬದಿಗೆ ತ್ರಿಕೋನ ಹಚ್ಚಿ. ಬ್ಲಾಕಿನ ರೆಡಿ ಅಳತೆಯನ್ನು 1.414ರಿಂದ ಗುಣಿಸಿದರೆ ಹೊಸ ಗಾತ್ರ, ಭಾಗಿಸಿ 7 ನೂಲು ಸೇರಿಸಿದರೆ ತ್ರಿಕೋನದ ಚೌಕ. 9 ಇಂಚಿನ ಬ್ಲಾಕಿಗೆ 7 ಇಂಚು 2 ನೂಲಿನ ಎರಡು ಚೌಕ, ಒಂದೊಂದನ್ನೂ ಕರ್ಣದಲ್ಲಿ ಕತ್ತರಿಸಿ. ಎದುರುಬದುರಿನ ಎರಡು ತ್ರಿಕೋನ ಮೊದಲು, ಇಸ್ತ್ರಿ, ಆಮೇಲೆ ಉಳಿದೆರಡು. ಸಿಗುವುದು 12 ಇಂಚು 6 ನೂಲಿಗೆ ಕೂದಲೆಳೆ ಕಡಿಮೆ. ತ್ರಿಕೋನದ ಓರೆ ಅಂಚು ಬ್ಲಾಕಿಗೆ ಹೊಲಿಗೆಯಾಗಿ ಭದ್ರವಾಗುತ್ತದೆ, ನೇರ ಎಳೆ ಹೊರಗೆ ಉಳಿಯುತ್ತದೆ.

ಬ್ಲಾಕುಗಳನ್ನು ಸಾಲು ಕೂಡಿಸುವಾಗ ಒಂದು ಸಾಲಿನ ಮಾರ್ಜಿನ್ ಎಡಕ್ಕೆ, ಮುಂದಿನದ್ದರದು ಬಲಕ್ಕೆ ಮಡಚಿ. ಗಂಜಿಯನ್ನು ಮಾತ್ರ ಈಗಲೇ ತೊಳೆಯಬೇಡಿ. ಒಳಪದರ, ಅಸ್ತರು ಸೇರಿಸಿ ಟಾಕಿ ಪೂರ್ತಿ ಮುಗಿದ ಮೇಲೆ ತಣ್ಣೀರಿನಲ್ಲಿ ನೆನೆಸಿ ಚೆನ್ನಾಗಿ ತೆಗೆಯಿರಿ. ಗಂಜಿ ಉಳಿದ ಕೌದಿಯನ್ನು ಪೆಟ್ಟಿಗೆಯಲ್ಲಿಟ್ಟರೆ ಸಿಲ್ವರ್‌ಫಿಶ್ ಹುಳ ಹತ್ತುತ್ತದೆ.